ಕಟ್ಟಿದ ನಾಯಿ, ಬಿಟ್ಟ ನಾಯಿ

ನಮ್ಮ ಸೀಮೆಯಲ್ಲಿ ನಾಯಿ ಎಲ್ಲಿಗೆ ಬೇಕಾದರೂ ಹೋಗಬಹುದು. ಷರತ್ತು ಒಂದೇ: ಅದರ ಕೊರಳಲ್ಲಿ ಬೆಲ್ಟ್ ಇರಬಾರದು. ಗುಡಿಯ ಪೌಳಿ, ಬಸ್‌ಸ್ಟ್ಯಾಂಡಿನ ಕಟ್ಟೆ, ಕಚೇರಿಯ ವರಾಂಡ, ಹಾಳು ಕೋಟೆಯ ಬುರುಜು, ಎಲ್ಲಿ ಬೇಕಾದರೂ ಅದು ಕಾಲು ಚಾಚಿ ಮಲಗಲಿ, ಬಂದವರು ಸುತ್ತು ಹಾಕಿ ಹೋಗುತ್ತಾರೆಯೇ ಹೊರತು ಎಬ್ಬಿಸುವುದಿಲ್ಲ. ಅದೇ ನಾಯಿಗೆ ಬೆಲ್ಟ್ ಕಟ್ಟಿ ಇನ್ನೊಂದು ತುದಿ ನೀವು ಹಿಡಿದು ನಡೆಯಿರಿ, ಗೇಟಿನಲ್ಲೇ ಸೀಟಿ ಊದುತ್ತಾರೆ.

ಕರಿಯ ನಮ್ಮ ಮನೆಯವನು. ಕಲಬುರಗಿಯ ಸಂತೆಯಲ್ಲಿ ಉಳ್ಳಾಗಡ್ಡಿ ಚೀಲಗಳ ಸಂದಿಯಲ್ಲಿ ಸಿಕ್ಕ ಕುನ್ನಿ. ಈಗ ಮೊಣಕಾಲೆತ್ತರದ ಗಂಡು. ಅಪ್ಪಟ ಊರ ನಾಯಿ. ಆದರೆ ಅವನನ್ನು ಆಳಂದದ ಬಸ್‌ಸ್ಟ್ಯಾಂಡಿನ ಹತ್ತಿರ ಕಾರಿನಿಂದ ಇಳಿಸಿದರೆ ಸಾಕು, ಹತ್ತು ಮಂದಿ ನೆರೆಯುತ್ತಾರೆ. ಮೊದಲ ಪ್ರಶ್ನೆ, "ಕಡೀತದೇನ್ರೀ?" ಎರಡನೆಯದು, "ಯಾವ ಜಾತಿದ್ರೀ ಇದು?" ಶರಣರ ಹೆಸರು ಹೇಳಿ ಕೈಮುಗಿಯುವ ನಾಡು ಇದು. ಮನುಷ್ಯನ ಜಾತಿ ತಿಳಿಯಬೇಕಾದರೆ ಇಲ್ಲಿ ಜನ ಅಡ್ಡಹೆಸರು ಕೇಳುತ್ತಾರೆ, ಸೋದರಮಾವನ ಊರು ಕೇಳುತ್ತಾರೆ, ಊರೆಲ್ಲ ಬಳಸಿ ಅಲ್ಲಿಗೆ ಬರುತ್ತಾರೆ. ನಾಯಿಯದನ್ನು ಮಾತ್ರ ಮುಲಾಜಿಲ್ಲದೆ ನೇರ ಕೇಳಿಬಿಡುತ್ತಾರೆ. "ಊರ ನಾಯೀನೇ ರೀ" ಅಂದರೆ ನಂಬುವವರಿಲ್ಲ. "ಸುಳ್ಳ ಹೇಳಬ್ಯಾಡ್ರಿ. ಊರ ನಾಯಿಗಿ ಯಾರರ ಬೆಲ್ಟ್ ಕಟ್ಟತಾರೇನು?" ರುಮಾಲಿನ ಹಿರಿಯರೊಬ್ಬರು ಕಣ್ಣು ಕಿರಿದು ಮಾಡಿ ನೋಡಿ, ಇದು ಮುಧೋಳದ್ದೇ ಎಂದು ತೀರ್ಪು ಕೊಟ್ಟರು. ಮುಧೋಳ ನಾಯಿಯ ಹೊಟ್ಟೆ ಬೆನ್ನಿಗೆ ಹತ್ತಿರುತ್ತದೆ. ಕರಿಯನ ಹೊಟ್ಟೆಯ ಬಗ್ಗೆ ನಾನು ಏನೂ ಹೇಳಲಿಲ್ಲ.

ಒಂದು ಸ್ಮಾರಕದ ಬಾಗಿಲಲ್ಲಿ ಕಾವಲುಗಾರ ನಮ್ಮನ್ನು ತಡೆದ. ಅವನ ಕುರ್ಚಿಯ ಕೆಳಗೇ ಎರಡು ನಾಯಿ ಮಲಗಿದ್ದವು. "ಅವು?" ಎಂದು ಕೇಳಿದೆ. "ಅವು ಇಲ್ಲಿಯವೇ ಸರ್" ಅಂದ. ಕಾನೂನು ನೋಡಿದರೆ ಅವನ ಮಾತು ಸರಿಯೇ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಅಡಿಯಲ್ಲಿ ಮರುವರ್ಷ ಬಂದ ನಿಯಮಗಳು, ಸ್ಮಾರಕದ ನಿರ್ವಹಣೆಗೆ ಬೇಕಾದದ್ದನ್ನು ಬಿಟ್ಟರೆ ಬೇರೆ ಯಾವ ಪ್ರಾಣಿಯನ್ನೂ ಒಳಗೆ ತರಬಾರದು ಎನ್ನುತ್ತವೆ. ತಪ್ಪು ಇರುವುದು ತರುವುದರಲ್ಲಿ. ತಾನಾಗಿ ಬಂದ ನಾಯಿ ಯಾವ ನಿಯಮವನ್ನೂ ಮುರಿದಿಲ್ಲ. ಹಗ್ಗದ ಈ ತುದಿಯಲ್ಲಿ ಮನುಷ್ಯನಿದ್ದಾಗ ಮಾತ್ರ ಅಪರಾಧ ಪೂರ್ಣವಾಗುತ್ತದೆ.

ಈ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಗಂಡು ನಾಯಿಗೆ ಕಂಬ ಕಂಡರೆ ಏನು ನೆನಪಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ವಿದ್ಯುತ್ ಕಂಬವೋ ವಿಜಯಸ್ತಂಭವೋ ಎಂದು ಅದು ಓದಿ ನೋಡುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಒಳಗಿನ ನಾಯಿಗಳು. ಪ್ರತಿ ಹಳೆಯ ಕಟ್ಟಡಕ್ಕೂ ಒಂದು ನಾಯಿಮನೆತನ ಇರುತ್ತದೆ, ಅದಕ್ಕೊಂದು ಸರಹದ್ದು ಇರುತ್ತದೆ. ಕರಿಯನ ವಾಸನೆ ಬಿದ್ದ ಕೂಡಲೇ ಮೊದಲು ಒಂದು ತಲೆ ಎತ್ತುತ್ತದೆ, ಬೊಗಳುವುದಿಲ್ಲ. ಆಮೇಲೆ ಎರಡು ಏಳುತ್ತವೆ. ಬಾಲ ನೆಟ್ಟಗೆ, ಬೆನ್ನಿನ ಕೂದಲು ನಿಂತಿರುತ್ತದೆ. ಬಿಟ್ಟ ನಾಯಿಯಾಗಿದ್ದರೆ ಓಡಬಹುದು, ಇಲ್ಲವೇ ಮಲಗಿ ಹೊಟ್ಟೆ ತೋರಿಸಿ ರಾಜಿಯಾಗಬಹುದು. ಕಟ್ಟಿದ ನಾಯಿಗೆ ಎರಡೂ ಆಗುವುದಿಲ್ಲ. ಆಗ ನಾವು ಗಾಬರಿಯಿಂದ ಹಗ್ಗ ಜಗ್ಗುತ್ತೇವೆ. ಜಗ್ಗಿದರೆ ಅದರ ಎದೆ ಮೇಲೇಳುತ್ತದೆ, ತಲೆ ಎತ್ತರವಾಗುತ್ತದೆ, ಎದುರಿನವಕ್ಕೆ ಅದು ಕಾಲುಕೆರೆದು ನಿಂತಂತೆ ಕಾಣುತ್ತದೆ. ಜಗಳ ಹಚ್ಚಿದವರು ನಾವೇ. ಮಾಡಬೇಕಾದದ್ದು ತಿರುವುಮುರುವು: ಹಗ್ಗ ಸಡಿಲ ಬಿಡಬೇಕು, ಎದುರುಬದುರು ನಡೆಯದೆ ಕಮಾನಿನ ಹಾಗೆ ಬಳಸಿ ದೂರ ಸರಿಯಬೇಕು, ಓಡಬಾರದು. ಕಲ್ಲು ಎತ್ತುವವನ ಹಾಗೆ ಸುಮ್ಮನೆ ಬಗ್ಗಿದರೆ ಮುಕ್ಕಾಲು ಪಾಲು ನಾಯಿಗಳು ಹಿಂದೆ ಸರಿಯುತ್ತವೆ. ಪಾಪ, ಅವುಗಳ ಅನುಭವ ಅಂಥದ್ದು.

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗು. ಆಳಂದದ ಕಡೆಯಿಂದ, ಕೋರಳ್ಳಿಯ ಅಣೆಕಟ್ಟು ದಾಟಿ ಬರುವ ಅಮರ್ಜಾ ಹೊಳೆ ಭೀಮೆಯನ್ನು ಕೂಡುವ ಜಾಗ ಅದು. ಹದಿನೈದನೆಯ ಶತಮಾನದ ನರಸಿಂಹ ಸರಸ್ವತಿಗಳು ಇಪ್ಪತ್ತಕ್ಕೂ ಹೆಚ್ಚು ವರ್ಷ ಇದ್ದ ಊರು. ಅವರನ್ನು ದತ್ತಾತ್ರೇಯನ ಅವತಾರವೆಂದು ನಂಬಿದವರು ಇಲ್ಲಿಂದ ಮಹಾರಾಷ್ಟ್ರದ ತುದಿಯವರೆಗೂ ಇದ್ದಾರೆ. ಮಠದಲ್ಲಿ ನಿರ್ಗುಣ ಪಾದುಕೆಗಳಿವೆ, ದರ್ಶನ ಒಂದು ಪುಟ್ಟ ಕಿಂಡಿಯಿಂದ. ಊರಿನ ಅಂಗಡಿಗಳಲ್ಲಿ ತೂಗುಬಿಟ್ಟ ಪಟ ನೋಡಿ: ಮೂರು ಮುಖದ ದತ್ತ, ಬೆನ್ನ ಹಿಂದೆ ಆಕಳು, ಕಾಲ ಬಳಿ ನಾಲ್ಕು ನಾಯಿ. ನಾಲ್ಕೂ ವೇದಗಳೆಂದು ಭಕ್ತರ ನಂಬಿಗೆ. ನಾಲ್ಕರಲ್ಲಿ ಒಂದಕ್ಕೂ ಬೆಲ್ಟ್ ಇಲ್ಲ.

ಅಲ್ಲಿ ಮಧ್ಯಾಹ್ನಕ್ಕೆ ಮಧುಕರಿ. ಭಕ್ತರೆನಿಸಿದವರು, ಕಾರಿನಲ್ಲಿ ಬಂದವರೂ, ಜೋಳಿಗೆ ಹಿಡಿದು ಕನಿಷ್ಠ ಐದು ಮನೆಯ ಭಿಕ್ಷೆ ಎತ್ತಬೇಕು. ಆ ಹೊತ್ತಿಗೆ ದತ್ತನೂ ಯಾವುದೋ ವೇಷದಲ್ಲಿ ಭಿಕ್ಷೆಗೆ ಬಂದಿರುತ್ತಾನೆ ಎಂಬುದು ನಂಬಿಗೆಯಾದ್ದರಿಂದ ನೀಡುವವರು ಯಾರ ಮುಖವನ್ನೂ ತೂಗಿ ನೋಡುವುದಿಲ್ಲ. ಬೇಡಿದ ಕೈಗೂ ನೀಡುತ್ತಾರೆ, ಮೂಸಿದ ಮೂತಿಗೂ ನೀಡುತ್ತಾರೆ. ಒಬ್ಬ ಹೆಣ್ಣುಮಗಳು ಜೋಳದ ರೊಟ್ಟಿಯನ್ನು ತುಣುಕು ಮಾಡಿ ಬೀದಿನಾಯಿಗಳಿಗೆ ಹಾಕುತ್ತಿದ್ದಳು. ಎಸೆಯಲಿಲ್ಲ, ಕುಕ್ಕರಗಾಲಲ್ಲಿ ಕೂತು ಒಂದೊಂದರ ಮುಂದೆ ಇಟ್ಟಳು. ಮುದಿ ನಾಯಿಯೊಂದಕ್ಕೆ ಹಲ್ಲಿರಲಿಲ್ಲ. ಅದರ ಪಾಲನ್ನು ಬೇಳೆಯಲ್ಲಿ ಅದ್ದಿ ಮೆತ್ತಗೆ ಮಾಡಿದಳು. ಕರಿಯನ ಸರದಿ ಬಂದಾಗ ತುಣುಕು ಕೈಯಲ್ಲೇ ಹಿಡಿದು ನನ್ನನ್ನು ಕೇಳಿದಳು: "ಹಾಕಲೇನ್ರೀ? ನಿಮ್ದು ಅದ ಅಲ್ಲಾ, ಕೇಳಿ ಹಾಕಬೇಕು." ಅಷ್ಟು ನಾಯಿಗಳಲ್ಲಿ ಅಪ್ಪಣೆ ಬೇಕಾದದ್ದು ಇವನೊಬ್ಬನಿಗೆ. ದೇವರ ಬಳಗದಿಂದ ಬೆಲ್ಟ್ ಅವನನ್ನು ಹೊರಗಿಟ್ಟಿತ್ತು. ರೊಟ್ಟಿ ತಿನ್ನುವುದರಲ್ಲಿ ಅವನು ಹಿಂದೆ ಬೀಳಲಿಲ್ಲ, ಅದು ಬೇರೆ ಮಾತು.

ಮಠದೊಳಕ್ಕೆ ಅವನನ್ನು ಕರೆದೊಯ್ಯುವ ಯೋಚನೆ ನಮಗೂ ಇರಲಿಲ್ಲ. ಮನೆಯವರು ಸರದಿಯಲ್ಲಿ ಒಳಗೆ ಹೋಗುವುದು, ಒಬ್ಬರು ನೆರಳಿನಲ್ಲಿ ಅವನ ಜೊತೆ ಕೂರುವುದು ನಮ್ಮ ವಾಡಿಕೆ. ಸಂಗಮದಲ್ಲಿ ಅವನಿಗೆ ಭಾರೀ ಖುಷಿ; ನೀರು ಕಂಡರೆ ಇಳಿಯುತ್ತಾನೆ. ಸ್ನಾನಕ್ಕೆ ನಿಂತವರಿಂದ ದೂರ, ಹರಿವಿನ ಕೆಳಮಗ್ಗುಲಿಗೆ ಒಯ್ದರೆ ಯಾರೂ ಬೇಡ ಎನ್ನುವುದಿಲ್ಲ.

ಆಳಂದದ ಲಾಡ್ಲೆ ಮಶಾಕ್ ದರ್ಗಾದ ದಾರಿಯಲ್ಲಿ ನಾನು ಕರಿಯನೊಂದಿಗೆ ಹೊರಗೇ ಉಳಿದೆ. ನಾಯಿಯ ಎಂಜಲು ತಾಗಿದರೆ ತೊಳೆದು ಶುದ್ಧವಾಗಬೇಕೆಂಬ ರೂಢಿ ಅಲ್ಲಿಯವರದು. ಅದನ್ನು ಅರಿತು ದೂರ ನಿಲ್ಲುವುದು ಬಂದವರ ಮರ್ಯಾದೆ. ಚಹಾದಂಗಡಿಯ ಮುದುಕರು ಕರಿಯನಿಗೆ ಬಶಿಯಲ್ಲಿ ನೀರಿಟ್ಟು, ಗುಹೆಯಲ್ಲಿ ನೂರಾರು ವರ್ಷ ಮಲಗಿದ್ದ ಭಕ್ತರ ಕಥೆ ತೆಗೆದರು. ಕುರಾನಿನಲ್ಲಿ ಬರುವ ಆ ಕಥೆಯಲ್ಲಿ ಅವರ ನಾಯಿ ಗುಹೆಯ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿರುತ್ತದೆ. "ಒಳಗ ಹೋಗಲಿಲ್ಲ, ಬಿಟ್ಟೂ ಹೋಗಲಿಲ್ಲ" ಎಂದು ಮುದುಕರು ಕರಿಯನಿಗೇ ಹೇಳುವವರ ಹಾಗೆ ಹೇಳಿದರು. ಅವನು ಬಶಿ ನೆಕ್ಕುತ್ತಿದ್ದ.

ಜೇವರ್ಗಿಯ ಬಗ್ಗೆ ಹೇಳುವುದು ಕಡಿಮೆ. ಅಖಂಡೇಶ್ವರ ಅಂಕಿತದಲ್ಲಿ ವಚನ ಬರೆದ ಷಣ್ಮುಖಸ್ವಾಮಿಗಳ ಊರು. ನಾವು ಹೋದಾಗ ಬಿಸಿಲು ಏರಿಬಿಟ್ಟಿತ್ತು, ಹೋದದ್ದಕ್ಕೆ ನಮಸ್ಕಾರ ಮಾಡಿ ಬಂದೆವು. ಆದರೆ ಬಿಸಿಲಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು. ಈ ಭಾಗದ ಗುಡಿ, ಮಠ, ದರ್ಗಾಗಳ ಅಂಗಳಕ್ಕೆಲ್ಲ ಹಾಸಿರುವುದು ನಮ್ಮದೇ ಶಹಾಬಾದ್ ಕಲ್ಲು. ಏಪ್ರಿಲ್ ಮೇ ತಿಂಗಳಲ್ಲಿ ಪಾರಾ 42 ಡಿಗ್ರಿ ದಾಟುವ ಜಿಲ್ಲೆ ಇದು. ಹನ್ನೊಂದು ಗಂಟೆಗೆ ಆ ಕಲ್ಲು ಕಾದ ಹಂಚು. ಚಪ್ಪಲಿ ಬಿಟ್ಟ ಭಕ್ತರು ತುದಿಗಾಲಲ್ಲಿ ಕುಣಿಯುತ್ತ ನೆರಳು ಸೇರುತ್ತಾರೆ; ನಾಯಿ ಕುಣಿಯುವುದಿಲ್ಲ, ಒಂದು ಕಾಲೆತ್ತಿ ಇನ್ನೊಂದನ್ನು ಊರಿ ನಮ್ಮ ಮುಖ ನೋಡುತ್ತದೆ. ಅದರ ಅಂಗಾಲಿನ ಕರಿ ಮೆತ್ತೆ ಗಟ್ಟಿ ಕಂಡರೂ ಬೊಬ್ಬೆ ಏಳುತ್ತದೆ. ಅದರ ಮೈ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕುವುದೇ ಮುಖ್ಯ ದಾರಿ. ಕಲ್ಲಿನ ಮೇಲೆ ನಿಮ್ಮ ಹಿಂಗೈ ಇಟ್ಟು ಏಳು ಎಣಿಸಿ. ಕೈ ತೆಗೆಯಬೇಕೆನಿಸಿದರೆ ನಾಯಿಯನ್ನು ಇಳಿಸಬೇಡಿ. ಕಾರಿನೊಳಗೆ ಗಾಜು ಏರಿಸಿ ಬಿಟ್ಟು ಹೋಗುವುದು ಇನ್ನೂ ದೊಡ್ಡ ಪಾಪ.

ಕನ್ನಡ ನಾಡು ನಾಯಿಯನ್ನು ಚರಿತ್ರೆಯಿಂದ ಹೊರಗೆ ನಿಲ್ಲಿಸಿದ್ದು ಈಚೆಗೆ. ನಮ್ಮ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಮೂರನೆಯ ಕೃಷ್ಣ, 949ರ ಸುಮಾರಿಗೆ ತಕ್ಕೋಲದಲ್ಲಿ ಚೋಳರನ್ನು ಮುರಿದ. ಅವನ ಪಕ್ಷದಲ್ಲಿ ಕಾದಿದ ಗಂಗರ ಬೂತುಗ, ತನ್ನ ವೀರ ಮನಲರನ ಶೌರ್ಯಕ್ಕೆ ಮೆಚ್ಚಿ ಏನು ಬೇಕು ಕೇಳು ಎಂದ. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಮಂಡ್ಯ ಜಿಲ್ಲೆಯ ಆತಕೂರಿನ ಗುಡಿಯ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟುತ್ತದೆ ಎಂದೂ ಬರೆಸಿದರು. ನಾಯಿಗೆ ಗುಡಿಯ ಮುಂದೆಯೇ ಜಾಗ, ಮೇಲೆ ಉಂಬಳಿ. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ನೆರೆಯ ಕಬ್ಬನ್ ಪಾರ್ಕಿನಲ್ಲಿ 2018ರಲ್ಲಿ ನಾಯಿಗಳಿಗೆಂದೇ ಬೇಲಿ ಹಾಕಿ ಒಂದು ಪಾರ್ಕು ಮಾಡಿದರು. ಒಳಗೆ ಹೋದ ಮೇಲೆ ಬೆಲ್ಟ್ ಬಿಚ್ಚಬಹುದು. 2022ರಲ್ಲಿ ಇಡೀ ಕಬ್ಬನ್ ಪಾರ್ಕಿಗೇ ನಾಯಿ ಬೇಡ ಎಂಬ ಮಾತೂ ಎದ್ದಿತ್ತು. ತಮ್ಮ ನಾಯಿಯ ಹೇಲು ತೆಗೆಯದ ದೊಡ್ಡಮನುಷ್ಯರಿಂದಲೇ ಅಂಥ ಮಾತು ಹುಟ್ಟುವುದು. ಅದಕ್ಕೆ ಇಲಾಖೆಯನ್ನು ಬೈದು ಪ್ರಯೋಜನವಿಲ್ಲ.

ನಮ್ಮ ತಾಲ್ಲೂಕುಗಳಿಗೆ ನಾಯಿಪಾರ್ಕು ಬೇಕೆಂದು ನಾನು ಅರ್ಜಿ ಹಾಕುವವನಲ್ಲ. ಮಕ್ಕಳಿಗೇ ಸರಿಯಾದ ಉದ್ಯಾನವಿಲ್ಲದ ಕಡೆ ಅದು ನಗೆಪಾಟಲು. ಸ್ಮಾರಕದೊಳಗೆ ಬಿಡಿ ಎಂದೂ ಕೇಳುವುದಿಲ್ಲ. ಗೇಟಿನ ಹೊರಗೆ, ಬೇವಿನ ನೆರಳಲ್ಲಿ ಒಂದು ಗೂಟ ಮತ್ತು ಒಂದು ಕಲ್ಲುದೋಣಿಯಲ್ಲಿ ನೀರು ಇಟ್ಟರೆ ಸಾಕು. ನಮ್ಮ ನಾಯಿಗೂ ಆಯಿತು, ಅಲ್ಲಿಯ ನಾಯಿಗೂ ಆಯಿತು, ದಾರಿ ತಪ್ಪಿ ಬಂದ ಆಡಿಗೂ ಆಯಿತು. ಪಂಚಾಯಿತಿಯವರು ಮನಸ್ಸು ಮಾಡಿದರೆ ಒಂದು ಮಧ್ಯಾಹ್ನದ ಕೆಲಸ.

ಹೊರಡುವವರಿಗೆ ಇಷ್ಟು: ನಾಯಿಗೆ ರೇಬಿಸ್ ಚುಚ್ಚುಮದ್ದು ಆಗಿರಲಿ, ಚೀಟಿ ಜೊತೆಗಿರಲಿ. ಉದ್ದ ಹಗ್ಗ ಬೇಡ, ಎರಡು ಮಾರು ಸಾಕು. ಚಳಿಗಾಲದಲ್ಲಿ ಹೋಗಿ, ಮುಂಜಾನೆ ಹೋಗಿ. ಗಾಣಗಾಪುರಕ್ಕಾದರೆ ಬುತ್ತಿಯಲ್ಲಿ ನಾಲ್ಕು ರೊಟ್ಟಿ ಹೆಚ್ಚಿಗೆ ಕಟ್ಟಿಕೊಳ್ಳಿ. ನಿಮ್ಮ ನಾಯಿ ಒಂದೇ ಇರಬಹುದು, ಅಲ್ಲಿಯವು ಬಹಳ ಇವೆ.