ಹೆಸರಿಲ್ಲದವನ ಋಣ

ಸಾವಿನ ದವಡೆಯಿಂದ ಪಾರಾದವನ ಮನೆಯಲ್ಲಿ ಮೊದಲು ನೆನಪಾಗುವುದು ಹರಕೆ. ತುಮಕೂರು ಹೆದ್ದಾರಿಯಲ್ಲಿ ಲಾರಿ ಬಡಿದು ಬಿದ್ದವನು ಎದ್ದು ನಡೆದಾಡಿದನೆಂದರೆ, ತಾಯಿ ಕಟ್ಟಿಟ್ಟ ಮುಡಿಪು ಧರ್ಮಸ್ಥಳಕ್ಕೆ ಸಲ್ಲುತ್ತದೆ. ಶಸ್ತ್ರಕ್ರಿಯೆ ಮಾಡಿದ ವೈದ್ಯರಿಗೆ ಹಣ್ಣಿನ ಬುಟ್ಟಿ ಹೋಗುತ್ತದೆ. ಎಲ್ಲವೂ ಉಚಿತವೇ. ಆದರೆ ನೆತ್ತರಲ್ಲಿ ತೊಯ್ದ ಅವನನ್ನೆತ್ತಿ, ಆಟೋದಲ್ಲಿ ಮಲಗಿಸಿ, ತೊಡೆಯ ಮೇಲೆ ತಲೆಯಿರಿಸಿಕೊಂಡು ಆಸ್ಪತ್ರೆ ಮುಟ್ಟಿಸಿದವನೆಲ್ಲಿ? ಆತ ಹೆಸರನ್ನೂ ಹೇಳದೆ ಹೊರಟುಹೋಗಿರುತ್ತಾನೆ.

ಪೊಲೀಸು ಠಾಣೆ, ನ್ಯಾಯಾಲಯಗಳ ಅಲೆದಾಟಕ್ಕೆ ಅಂಜಿ ಇಂಥವರು ಹಿಂಜರಿಯುತ್ತಿದ್ದುದುಂಟು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರನ್ನು ರಕ್ಷಿಸುವ ಮಾರ್ಗಸೂಚಿಗಳಿಗೆ ಕಾನೂನಿನ ಬಲವಿತ್ತಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಕಲಮು ಸೇರಿತು. ಅದರಡಿ 2020ರಲ್ಲಿ ಬಂದ ನಿಯಮಗಳ ಪ್ರಕಾರ, ನೆರವಾದವನನ್ನು ಹೆಸರು ಹೇಳೆಂದು ಯಾರೂ ಬಲಾತ್ಕರಿಸುವಂತಿಲ್ಲ.

ಅನಾಮಧೇಯನಾಗಿ ಉಳಿಯುವ ಹಕ್ಕನ್ನು ಕಾನೂನೇ ಆತನಿಗೆ ಕೊಟ್ಟಿರುವಾಗ, ಬದುಕಿದವನು ಋಣ ತೀರಿಸುವುದು ಯಾರಿಗೆ? ಕೊಟ್ಟವನಿಗೆ ಹಿಂದಿರುಗಿಸಲಾಗದ ಋಣ ಮುಂದಕ್ಕೇ ಹರಿಯಬೇಕು. ಕೈಮುಗಿದ ಮಾತ್ರಕ್ಕೆ ಕೃತಜ್ಞತೆ ಪೂರ್ಣವಾಗದು. ಎಂದೋ ಒಂದು ಸಂಜೆ ದಾರಿಯಂಚಿನಲ್ಲಿ ಜನ ಗುಂಪುಗೂಡಿದ್ದನ್ನು ಕಂಡು, ಮನೆಗೆ ಹೊತ್ತಾಯಿತೆಂದು ಸಾಗದೆ, ಸ್ಕೂಟರು ನಿಲ್ಲಿಸಿ, ಇನ್ನೂ ನೋವು ಬಿಡದ ಕಾಲನ್ನೂರಿ ಅವನು ಅತ್ತ ನಡೆದನಾದರೆ, ಅಂದು ಆ ಋಣದ ಮೊದಲ ಕಂತು ಸಂದಿತು.