ರಾಕ್ಷಸನಿಗೆ ರುಮಾಲು

ಒಂದರ ಮುಂಡಕ್ಕೆ ಇನ್ನೊಂದರ ರುಂಡವನ್ನು ಹೊಂದಿಸುವ ವಿದ್ಯೆ ನಮ್ಮವರಿಗೆ ಹೊಸತೇನಲ್ಲ. ಪಾರ್ವತಿಯ ಮಗನಿಗೆ ಆನೆಯ ತಲೆ ಬಂದಿತು. ಯಜ್ಞಶಾಲೆಯಲ್ಲಿ ತಲೆ ಕಳೆದುಕೊಂಡ ದಕ್ಷನಿಗೆ ಆಡಿನ ತಲೆಯೇ ಗತಿಯಾಯಿತು. ಹಳೆಯಬೀಡಿನ ಗೋಡೆಯ ಮೇಲಿನ ಮಕರವಂತೂ ಬಿಡಿ ಭಾಗಗಳ ಸಂತೆಯೇ ಸರಿ: ಸೊಂಡಿಲು ಆನೆಯದು, ಬಾಲ ನವಿಲಿನದು. ಅಷ್ಟೇಕೆ, ನಮ್ಮ ರಾಜ್ಯಲಾಂಛನದಲ್ಲಿ ಗಂಡಭೇರುಂಡದ ಎಡಬಲಗಳಲ್ಲಿ ನಿಂತಿರುವ ಪ್ರಾಣಿಗಳು ಸಿಂಹದ ಮೈಯ ಮೇಲೆ ಆನೆಯ ಮುಖವನ್ನು ಹೊತ್ತಿವೆ. ಸರಕಾರಿ ಕಾಗದಗಳ ಮೇಲೆ ದಿನವೂ ಅವುಗಳ ದರ್ಶನವಾಗುತ್ತಿದ್ದರೂ ನಾವಾರೂ ಬೆಚ್ಚಿಬಿದ್ದುದಿಲ್ಲ. ಬೆಚ್ಚುವುದೇನಿದ್ದರೂ ಅವುಗಳ ಕೆಳಗಿನ ಒಕ್ಕಣೆಯನ್ನು ಓದಿ!

ಆದುದರಿಂದ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಗೀಳನ್ನು ಸಂಕೋಚದಿಂದಲೇ ನನಗೆ ತೋರಿಸಿದಾಗ ನಾನು ಅವನನ್ನು ಹುಚ್ಚನೆಂದುಕೊಳ್ಳಲಿಲ್ಲ. ಅದೊಂದು ಮೇಜಿನ ಮೇಲಿನ ಯುದ್ಧದ ಆಟ. 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೇಮ್ಸ್ ವರ್ಕ್‌ಷಾಪ್ ಎಂಬ ಸಂಸ್ಥೆ 1983ರಲ್ಲಿ ವಾರ್‌ಹ್ಯಾಮರ್ ಎಂಬ ಆಟವನ್ನು ಹೊರತಂದಿತು. ಕೋರೆಹಲ್ಲಿನ ದೈತ್ಯರು, ಗಡ್ಡದ ಕುಳ್ಳರು, ಎದ್ದು ನಿಂತ ಅಸ್ಥಿಪಂಜರಗಳು—ಹೀಗೆ ಎಲ್ಲಿಯೂ ಇಲ್ಲದ ಲೋಕವೊಂದರ ಸೈನ್ಯಗಳು ಅದರಲ್ಲಿ ಕಾದಾಡುತ್ತವೆ. ಆಳಿನ ಎತ್ತರ ಒಂದಂಗುಲಕ್ಕಿಂತ ತುಸು ಹೆಚ್ಚು. ಪ್ಲಾಸ್ಟಿಕ್ಕಿನ ಚೌಕಟ್ಟಿನಲ್ಲಿ ಕೈ, ಕಾಲು, ತಲೆಗಳು ಗೊನೆಯ ಕಾಯಿಗಳಂತೆ ಅಂಟಿಕೊಂಡಿರುತ್ತವೆ. ಅವನ್ನು ಕತ್ತರಿಸಿ, ಹೆರೆದು, ಜೋಡಿಸಬೇಕು. ಅದಕ್ಕೆ ಬಳಸುವ ಅಂಟಿನ ಗುಣವೂ ವಿಚಿತ್ರ. ಅದು ಎರಡು ಭಾಗಗಳ ನಡುವೆ ಮೇಣದಂತೆ ಕುಳಿತುಕೊಳ್ಳುವುದಿಲ್ಲ. ಎರಡರ ಮೇಲ್ಮೈಯನ್ನೂ ಕರಗಿಸಿ ಒಂದಾಗಿಸಿ, ತಾನು ಆರಿ ಹೋಗುತ್ತದೆ.

ಹಲವು ಪೆಟ್ಟಿಗೆಗಳಲ್ಲಿ ಮೈಗಳಿಗಿಂತ ತಲೆಗಳೂ ಆಯುಧಗಳೂ ಹೆಚ್ಚು. ಹಾಗೆ ಮಿಕ್ಕವುಗಳನ್ನು ಯಾರೂ ಎಸೆಯುವುದಿಲ್ಲವಂತೆ. ಇವನ ತೋಳನ್ನು ಅವನಿಗೆ ಹಚ್ಚಿ, ಅವನ ಶಿರಸ್ತ್ರಾಣವನ್ನು ಇವನಿಗೆ ತೊಡಿಸಿ, ಸಂದು ಬಿಟ್ಟಲ್ಲಿ ಗಟ್ಟಿಯಾಗುವ ಲೇಪವನ್ನು ತುಂಬಿ, ಅಂಗಡಿಯಲ್ಲಿ ಸಿಕ್ಕದ ಹೊಸ ಆಳನ್ನು ಮಾಡುವುದೇ ಈ ಬಳಗದಲ್ಲಿ ದೊಡ್ಡ ಪ್ರತಿಷ್ಠೆ. ನನ್ನ ಆಸಕ್ತಿಯನ್ನು ಕಂಡು ಅವನು ತನ್ನ ಉಳಿಕೆಗಳನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ತುಂಬಿ ಕೊಟ್ಟನು. ಅದರಲ್ಲಿ ಇಡಿಯಾದ ಮನುಷ್ಯನೊಬ್ಬನೂ ಇರಲಿಲ್ಲ.

ಎಚ್. ಜಿ. ವೆಲ್ಸ್ ಮಹಾಶಯನು ಇಂಥ ಆಟಗಳ ಹಿರಿಯ. 1913ರಲ್ಲಿ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮಗಳನ್ನು ಬರೆದು ಪುಸ್ತಕವನ್ನೇ ಮಾಡಿದವನು. ಆದರೆ ಅದಕ್ಕೆರಡು ವರ್ಷ ಮೊದಲೇ, ಮಕ್ಕಳ ನೆಲದಾಟಗಳ ಬಗ್ಗೆ ಬರೆಯುತ್ತ, ಅಂಗಡಿಗಳಲ್ಲಿ ಬರಿಯ ಸೈನಿಕರೇ ಸಿಗುತ್ತಾರಲ್ಲದೆ ಸಾಮಾನ್ಯ ಜನರು ಸಿಗುವುದಿಲ್ಲವೆಂದು ಅವನು ಗೊಣಗಿದ್ದುಂಟು. ನಮ್ಮೂರು ಅಂದೋಲಾದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನು ಡಬ್ಬಿಯನ್ನು ನೆಲದ ಮೇಲೆ ಸುರುವಿಕೊಂಡು ಅದೇ ದೂರನ್ನು ಹೇಳಿದಾಗ ನನಗೆ ವೆಲ್ಸ್ ನೆನಪಾದನು. ಹುಡುಗನು ನನ್ನ ಅಣ್ಣನ ಮಗ. ಅಂದು ಮಣ್ಣೆತ್ತಿನ ಅಮಾವಾಸ್ಯೆಗೆ ಮೂರು ದಿನ ಉಳಿದಿತ್ತು.

ನಗರದ ಓದುಗರಿಗಾಗಿ ಒಂದು ಮಾತು. ಜ್ಯೇಷ್ಠದ ಅಮಾವಾಸ್ಯೆಗೆ ನಮ್ಮ ಕಡೆ ಎರೆಮಣ್ಣಿನ ಜೋಡೆತ್ತುಗಳನ್ನು ಮಾಡಿ, ಮುಂದೆ ಮಣ್ಣಿನದೇ ಗ್ವಾದಲಿ ಇಟ್ಟು, ಪೂಜಿಸುತ್ತಾರೆ. ಈಗ ಅಚ್ಚಿನಲ್ಲಿ ಒತ್ತಿ ಬಣ್ಣ ಬಳಿದ ಎತ್ತುಗಳೂ ಪೇಟೆಗೆ ಬರುತ್ತವೆ. ನಮ್ಮ ಅವ್ವನಿಗೆ ಅವು ಸೇರವು. ಹಬ್ಬದ ಮರುದಿನ ಕುಂಟೆತ್ತನ್ನು ಹಿಡಿದುಕೊಂಡು ಮನೆಮನೆಗೆ ಹೋಗಿ ಜೋಳ ಬೇಡುವ ಹುಡುಗರ ವಾಡಿಕೆಯೊಂದಿದೆ. ಮುರಿದುದಕ್ಕೂ ಒಂದು ದಿನದ ಮರ್ಯಾದೆ!

ತಂದೆಯವರು ತೀರಿಕೊಂಡ ವರ್ಷವೇ ಅಣ್ಣನು ಮನೆಯ ಜೋಡಿಯನ್ನು ಮಾರಿದನು. ತೊಗರಿಯ ಹೊಲಕ್ಕೆ ಟ್ರ್ಯಾಕ್ಟರು ಬಾಡಿಗೆಗೆ ಸಿಗುವಾಗ ಎರಡು ಬಾಯಿಗಳಿಗೆ ವರ್ಷವಿಡೀ ಮೇವು ಹೊಂದಿಸುವುದು ಅವನಿಂದಾಗದು, ಅವನನ್ನು ದೂರಲಾರೆ. ಕೊಟ್ಟಿಗೆಯ ನಿಜವಾದ ಗ್ವಾದಲಿಯಲ್ಲಿ ಈಗ ಗೊಬ್ಬರದ ಚೀಲಗಳಿವೆ. ಹುಡುಗನು ಆಗ ತೊಟ್ಟಿಲಲ್ಲಿದ್ದವನು. ಎತ್ತು ಹೂಡಿದ ಮುತ್ಯಾನನ್ನು ಕಂಡವನಲ್ಲ. ಅವನ ಪ್ರಶ್ನೆ ನೇರವಾಗಿತ್ತು.

“ಕಾಕಾ, ಎತ್ತು ಅವ, ಗ್ವಾದಲಿ ಅದ. ಹೊಡ್ಯಾಂವ ಎಲ್ಲಿದ್ದಾನ?”

ಕೆಲಸ ಅಲ್ಲಿಂದ ಮೊದಲಾಯಿತು. ದೈತ್ಯನೊಬ್ಬನ ಮುಂಡವನ್ನಾರಿಸಿ, ಅದರ ಮೇಲಿದ್ದ ಕವಚದ ಮೊಳೆಗಳನ್ನು ಬ್ಲೇಡಿನಿಂದ ಹೆರೆದು, ಉಪ್ಪುಕಾಗದದಿಂದ ತಿಕ್ಕಿದೆವು. ನಡೆಯುವ ಭಂಗಿಯ ಕಾಲುಗಳು ಭಲ್ಲೆಯವನೊಬ್ಬನಿಂದ ದೊರೆತವು. ಎರಡು ಕೈಯ ಕೊಡಲಿಯ ಅಲಗನ್ನು ಕತ್ತರಿಸಿದರೆ ಉಳಿದ ಕಾವು ಬಾರಕೋಲಾಯಿತು. ಬಿಲ್ಲುಗಾರನ ಮುಷ್ಟಿ ಮೇಳಿ ಹಿಡಿಯಲು ಹೇಳಿ ಮಾಡಿಸಿದಂತಿತ್ತು. ಭುಜದಲ್ಲಿ ಕಾಯಿಸಿದ ಸೂಜಿಯಿಂದ ತೂತು ಮಾಡಿ ಸಣ್ಣ ತಂತಿ ಕೂಡಿಸಿದೆವು. ಸಂದಿಗೆ ನಳದವರು ಬಳಸುವ ಎಂ-ಸೀಲ್ ತುಂಬಿದೆವು. ಬೇವಿನ ಕಡ್ಡಿಯ ನೇಗಿಲು ಹುಡುಗನದೇ. ಆಳಿಗೆ ಎತ್ತು ದೊಡ್ಡದಾಯಿತೆಂದು ನಾನು ಚಿಂತಿಸುತ್ತಿರುವಾಗಲೇ ಅವನು ಹೆಬ್ಬೆರಳಿನಷ್ಟರ ಇನ್ನೊಂದು ಜೋಡಿಯನ್ನು ಮಾಡಿ ಮುಗಿಸಿದ್ದನು.

ತೊಡಕಾದದ್ದು ಕಾಲುಗಳಲ್ಲಿ. ಡಬ್ಬಿಯಲ್ಲಿದ್ದ ಕಾಲುಗಳೆಲ್ಲ ಬೂಟು ತೊಟ್ಟವು. “ಮುತ್ಯಾ ಹೊಲದಾಗ ಬೂಟ್ ಹಾಕ್ತಿದ್ರೇನು?” ಎಂದು ಅವನು ಒಪ್ಪಲಿಲ್ಲ. ಕೊನೆಗೆ ಆಳನ್ನು ಹಸಿ ಎರೆಯಲ್ಲಿ ಮೀನಖಂಡದವರೆಗೆ ಹೂತುಬಿಟ್ಟೆವು. ಮಳೆಯಾದ ಮೇಲೆ ನಮ್ಮ ನೆಲದಲ್ಲಿ ಯಾರ ಪಾದ ತಾನೆ ಕಾಣುತ್ತದೆ?

ರುಮಾಲನ್ನೂ ಮಣ್ಣಿನಲ್ಲೇ ಸುತ್ತಿದೆವು. ಎರೆಮಣ್ಣು ನೀರು ಕುಡಿದು ಉಬ್ಬುವುದು, ಆರಿದರೆ ಕುಗ್ಗಿ ಬಿರಿಯುವುದು; ಪ್ಲಾಸ್ಟಿಕ್ಕಿಗೆ ಈ ಎರಡೂ ಗೊತ್ತಿಲ್ಲ. ಬೆಳಗಾಗುವಷ್ಟರಲ್ಲಿ ರುಮಾಲು ಎರಡು ಹೋಳಾಗಿ ಬಿದ್ದಿತ್ತು.

ಅವ್ವ ಅದುವರೆಗೂ ಒಂದು ಮಾತನ್ನೂ ಆಡಿರಲಿಲ್ಲ. ಜೋಳ ಹಸನು ಮಾಡುತ್ತ ಕುಳಿತಿದ್ದವರು ಎದ್ದು ಒಳಗೆ ಹೋಗಿ, ಟ್ರಂಕಿನಿಂದ ತಂದೆಯವರ ರುಮಾಲನ್ನು ತೆಗೆದು, ಅದರ ಅಂಚಿನಿಂದ ನಾಲ್ಕು ಎಳೆ ಹಿರಿದುಕೊಂಡು ಬಂದರು. ಆ ರುಮಾಲನ್ನು ಅವರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ನನಗೂ ಸಹ. ಎಳೆಗೆ ಫೆವಿಕಾಲ್ ಸವರಿ, ಗಡ್ಡ ಹೆರೆಸಿಕೊಂಡು ಮೀಸೆಯಷ್ಟನ್ನೇ ಉಳಿಸಿಕೊಂಡಿದ್ದ ಆ ಕುಳ್ಳನ ತಲೆಗೆ ತಾವೇ ಸುತ್ತಿದರು. ಬಳಿಕ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

“ಹಾಂಗಲ್ಲೋ. ನಿಮ್ಮ ಮುತ್ಯಾ ಮೇಳಿ ಎಡಗೈಲೆ ಹಿಡಿತಿದ್ರು. ಬಾರಕೋಲ ಬಲಗೈಯಾಗ. ಅದೂ ಹೊಡಿಲಿಕ್ಕಲ್ಲ, ಸುಮ್ನ.”

ನಾನು ಕೈಗಳನ್ನು ಅದಲುಬದಲು ಮಾಡಿ ಹಚ್ಚಿದ್ದೆನಷ್ಟೆ. ತಂದೆಯವರ ಹಿಂದೆ ಅದೆಷ್ಟು ಸಾಲು ನಡೆದವನು ನಾನು! ಅವ್ವ ಹೇಳುವವರೆಗೂ ಆ ಕೈ ನನ್ನ ಕಣ್ಣಿಗೆ ಕಟ್ಟಿರಲಿಲ್ಲ. ಹೇಳಿದೊಡನೆ ಆ ಎಡಗೈಯ ಗಂಟುಬೆರಳುಗಳು ಸಹಿತ ಎದುರಿಗೆ ಬಂದವು. ತಂತಿಯನ್ನು ಕಿತ್ತು ಎರಡೂ ತೋಳುಗಳನ್ನು ಮತ್ತೆ ಕೂಡಿಸಿದೆವು. ಭುಜದ ಬೆಸುಗೆ ಸೊಟ್ಟವಾಯಿತು. ತಿದ್ದಲು ಹೋದರೆ ಹುಡುಗನು ಬಿಡಲಿಲ್ಲ.

ಅಮಾವಾಸ್ಯೆಯಂದು ದೊಡ್ಡ ಜೋಡಿಗೆ ಪೂಜೆ, ಹೋಳಿಗೆಯ ಎಡೆ ಎಲ್ಲವೂ ನಡೆದವು. ಚಿಕ್ಕ ಜೋಡಿಯ ಹಿಂದೆ ಅವನು ನಿಂತಿದ್ದನು. ಬಳಿಕ ಎತ್ತುಗಳು ಬಾವಿಗೆ ಹೋದವು, ಮಣ್ಣು ಮಣ್ಣನ್ನು ಕೂಡಿತು. ಪ್ಲಾಸ್ಟಿಕ್ಕಿನವನನ್ನು ನೀರಿಗೆ ಬಿಡುವಂತಿಲ್ಲವಲ್ಲ! ಅವ್ವ ಅವನನ್ನು, ಕಾಲಿನ ಕೆಸರನ್ನು ಒರೆಸದೆಯೇ, ದೀಪದ ಗೂಡಿನಲ್ಲಿಟ್ಟರು.

ಹುಡುಗನಿಗೆ ಈಗ ಹೊಲಕ್ಕೆ ಬುತ್ತಿ ಹೊತ್ತು ಬರುವ ಆಯಿ ಬೇಕಾಗಿದ್ದಾಳೆ. ಡಬ್ಬಿಯನ್ನೆಲ್ಲ ಜಾಲಾಡಿದರೂ ಹೆಣ್ಣಿನ ತಲೆ ಒಂದೂ ಸಿಕ್ಕಲಿಲ್ಲ. ಬೆಂಗಳೂರಿನ ವಿದ್ಯಾರ್ಥಿಗೆ ಹೇಳಿಕಳಿಸಿದ್ದೇನೆ.