ಸೊಸಿ ಕಂಪ್ಯೂಟರಿಗೆ ಜ್ವರಾ ಬಂದಾಗ

ಬ್ಯಾಸಗಿ ಬಂತಂದ್ರ ಹುಬ್ಬಳ್ಳ್ಯಾಗ ಮನಷ್ಯಾರಿಗೇ ಇರ್ಲಿಕ್ಕೆ ಆಗೂದಿಲ್ಲ, ಇನ್ನ ಮಷೀನಿಗೆ ಹೆಂಗ ಆದೀತು. ಈ ಸಲ ಮೇ ತಿಂಗಳದಾಗ ನಮ್ಮ ಸೊಸಿ ಕಂಪ್ಯೂಟರ್ ನಡು ಕೆಲಸದಾಗ ಗಪ್ಪನ ಆರಿ ಹೋಗ್ಲಿಕತ್ತು.

ಅಕಿ ಇಂಟೀರಿಯರ್ ಡಿಸೈನ್ ಕಲ್ತಾಕಿ. ಕೂಸು ಆದ ಮ್ಯಾಲೆ ಆಫೀಸ್ ಬಿಟ್ಟು ಮನ್ಯಾಗ ಕೂತು ಕೆಲಸಾ ಮಾಡ್ತಾಳ. ಮಂದಿ ಮನಿ ಹಾಲ್, ಅಡಗಿಮನಿ ಕಟ್ಟಿದ ಮ್ಯಾಲೆ ಹೆಂಗ ಕಾಣಸ್ತದ ಅಂತ ಮೊದಲ ಚಿತ್ರಾ ಮಾಡಿ ಕೊಡೂದು. ಅದಕ್ಕ ರೆಂಡರ್ ಅಂತಾರಂತ. ಒಂದೊಂದ ಚಿತ್ರಕ್ಕ ತಾಸುಗಟ್ಟಲೆ ಬೇಕು, ಆ ಕೆಲಸಾ ಮಾಡೂದು ಒಳಗಿನ ಗ್ರಾಫಿಕ್ಸ್ ಕಾರ್ಡ್. ನಡುವ ಆರಿದ್ರ ಮತ್ತ ಮೊದಲಿಂದ ಶುರು ಮಾಡಬೇಕು. ಶುಕ್ರವಾರ ಕೊಡೂ ಕೆಲಸಾ ಇತ್ತು, ಇದಾಗಿದ್ದು ಬುಧವಾರ. "ಇದೊಂದು ತಪ್ಪಿದ್ರ ಮುಂದ ನಂಗ ಯಾರು ಕೆಲಸಾ ಕೊಡ್ತಾರ ಅತ್ಯಾ" ಅಂತ ಕಣ್ಣಾಗ ನೀರು ತಂದ್ಲು. ನಮ್ಮನಿಯವರು "ಹೋಗ್ಲಿ ಬಿಡು, ಕೂಸು ನೋಡ್ಕೋತ ಇರ್ಲಿ" ಅಂದ್ರು. ಅಂಗಡಿಯಂವಾ ಮಷೀನ್ ಕಣ್ಣಿಲೆ ನೋಡದನ ಫೋನಿನ್ಯಾಗ "ಕಾರ್ಡ್ ಹೋಗೇದರಿ, ಹೊಸಾದ್ದು ಹಾಕಸ್ರಿ, 20 ಸಾವಿರದ ಮ್ಯಾಲೆ ಆಗ್ತದ" ಅಂದಾ.

ನೋಡ್ರಿ, ರುಬ್ಬೂವಾಗ ಮಿಕ್ಸರ್ ಭಾಳ ಕಾದ್ರ ತಾನ ಬಂದ್ ಆಗ್ತದ ಹೌದಲ್ಲೋ? ಹಂಗಂದ್ರ ಮಿಕ್ಸರ್ ಕೆಟ್ಟದ ಅಂತಲ್ಲ, ತನ್ನ ಜೀವಾ ತಾ ಉಳಿಸ್ಕೊಂಡದ ಅಂತ. ಹಂಗಾಗಿ ನಾ ಸೊಸಿಗೆ ಕೇಳಿದ್ದು ಒಂದ ಮಾತು: "ಯಾವಾಗ ಯಾವಾಗ ಆರ್ತದ?" ಮೇಲ್ ನೋಡೂವಾಗ ಇಲ್ಲ, ಸಿನಿಮಾ ನೋಡೂವಾಗ ಇಲ್ಲ, ರೆಂಡರ್ ಹಚ್ಚಿ ಹತ್ತ ನಿಮಿಷಕ್ಕ ಆರ್ತದ ಅಂದ್ಲು. ಕಾರ್ಡಿನ ಶಾಖಾ ತೋರಸೂ ಜಿಪಿಯು-ಝಡ್ ಅಂತ ಪುಕಟ್ ಸಾಫ್ಟ್‌ವೇರ್ ಅದ, ಅದನ್ನ ಹಾಕಿದ್ಲು. ಸುಮ್ನ ಕೂತಾಗ 58 ಡಿಗ್ರಿ ಇತ್ತು. ರೆಂಡರ್ ಹಚ್ಚಿದ್ದ ತಡಾ 80, 88, 93 ಅಂತ ಏರಿ ಆರೇ ಹೋತು. ಅಕಿದು ಜಿಟಿಎಕ್ಸ್ 1060 ಕಾರ್ಡು, ಅದಕ್ಕ ಮ್ಯಾಲಿನ ಮಿತಿನ 94. ಇಂಥಾ ಕಾರ್ಡು ಕಾದಾಗ ಮೊದಲ ನಿಧಾನ ಆಗ್ತಾವ, ಅಷ್ಟಕ್ಕೂ ತಂಪಾಗ್ಲಿಲ್ಲಂದ್ರ ಬಂದ್ ಆಗ್ತಾವ. ಶಾಖಾ ಏರದನ ಆರಿದ್ರ ಮಾತ್ರ ಕರೆಂಟ್ ಕೊಡೂ ಪವರ್ ಸಪ್ಲೈ ಮ್ಯಾಲೆ ಸಂಶಯ ಪಡಬೇಕು.

ಡಬ್ಬಿ ಇದ್ದದ್ದು ಟೇಬಲ್ಲಿನ ಕೆಳಗ, ಮೂರೂ ಕಡೆ ಫಳಿ ಇರೂ ಖಾನ್ಯಾಗ. ಬಿಸಿ ಗಾಳಿ ಹೊರಗ ಹೋಗ್ಲಿಕ್ಕೆ ದಾರಿ ಇಲ್ಲ, ಅದ ಗಾಳಿ ತಿರುಗಿ ಒಳಗ. ಡಬ್ಬಿ ಹೊರಗ ತಗದು ಬಾಜೂ ತಗಡು ಬಿಚ್ಚಿ ಮತ್ತ ಹಚ್ಚಿದ್ವಿ. ಆರ್ಲಿಲ್ಲ ಖರೇ, 87ರ ಸುತ್ತ ನಿಂತು ಕೆಲಸಾ ನಿಧಾನ ಆತು. ಅಂದ್ರ ಗಾಳಿದು ಒಂದು, ಮತ್ತೊಂದೂ ಕಾರಣ ಅದ ಅಂತಾತು. ಬ್ಯಾಟರಿ ಹಾಕಿ ನೋಡಿದ್ರ ಕಾರ್ಡಿನ ಎರಡು ಫ್ಯಾನಿನ್ಯಾಗ ಒಂದು ತಿರಗವಲ್ದು!

ಪ್ಲಗ್ ಕಿತ್ತು, ಪವರ್ ಬಟನ್ ಒಂದಿಷ್ಟೊತ್ತು ಒತ್ತಿ ಹಿಡದು, ಕಾರ್ಡ್ ತಣ್ಣಗಾದ ಮ್ಯಾಲೆ ಡಬ್ಬಿ ತಗಡು ಮುಟ್ಟಿ ಮೈಯಾಗಿನ ಕರೆಂಟ್ ಇಳಿಸ್ಕೊಂಡು, ಸೊಸಿ ಕಾರ್ಡ್ ಹೊರಗ ತಗದ್ಲು. ಒಗ್ಗರಣಿ ಜಿಡ್ಡು ಹತ್ತಿದ ಧೂಳು, ಅದರಾಗ ಅಕಿದ ಉದ್ದನ್ನ ಕೂದಲಾ ಫ್ಯಾನಿನ ನಡುವ ಸುತ್ತಿ ಬಿಗದಿತ್ತು. ಹುಬ್ಬಿನ ಚಿಮಟಾಲೆ ಒಂದೊಂದ ಎಳದು ತಗದ್ವಿ. ಹೊಸಾ ಮೆತ್ತನ್ನ ಬ್ರಶ್ಶಿಲೆ ಧೂಳು ಝಾಡಿಸಿ, ರಬ್ಬರ್ ಬುಗ್ಗಿಲೆ ಗಾಳಿ ಊದಿದ್ವಿ. ಊದೂವಾಗ ಫ್ಯಾನ್ ಬೆರಳಿಲೆ ಹಿಡೀಬೇಕು, ಗಾಳಿಗೆ ಜೋರಾಗಿ ತಿರಗಿದ್ರ ಕೆಡ್ತದ. ಹಸಿ ಅರಬಿ, ಮನ್ಯಾಗಿನ ವ್ಯಾಕ್ಯೂಮ್ ಕ್ಲೀನರ್ ಎರಡೂ ಬ್ಯಾಡ.

ಅವತ್ತ ರಾತ್ರಿ 79ಕ್ಕ ನಿಂತ್ತು. ಮರುದಿನ ಬಾಜೂಮನಿ ಡಿಪ್ಲೊಮಾ ಹುಡಗಾ ಬಂದು ಕಾರ್ಡಿನ ಚಿಪ್ಪಿಗೂ ಮ್ಯಾಲಿನ ಲೋಹಕ್ಕೂ ನಡುವ ಇರೂ ಥರ್ಮಲ್ ಪೇಸ್ಟ್ ನೋಡಿದಾ. ವರ್ಷಾ ಕಳದು ಅದು ಒಣಗಿ ಹಕ್ಕಳಿ ಆಗಿತ್ತು. ಹಳೇದು ವರಿಸಿ ಹೊಸಾದ್ದು ತೆಳ್ಳಗ ಹಚ್ಚಿದಾ. ತುಪ್ಪಾ ಹಚ್ಚಿಧಂಗ ಧಾರಾಳ ಹಚ್ಚಬಾರದಂತ. ಆಮ್ಯಾಲೆ 72ರ ಮ್ಯಾಲೆ ಹೋಗ್ಲಿಲ್ಲ. ಖರ್ಚು 300 ರೂಪಾಯಿ ಒಳಗ.

ಶುಕ್ರವಾರ ಮಧ್ಯಾಹ್ನ ಊಟಕ್ಕಿಂತಾ ಮೊದಲ ಎಲ್ಲಾ ಚಿತ್ರಾ ಹೋದ್ವು. ಆ ದುಡ್ಡು ಬಂದ ಮ್ಯಾಲೆ ಅಕಿ ಕೂಸಿನ ಹೆಸರಿಲೆ ಪೋಸ್ಟಿನ್ಯಾಗ ಖಾತೆ ತಗದ್ಲು. ಈಗ ನಮ್ಮನಿಯವರು ಸಂಜಿಮುಂದ ಕೂಸಿನ್ನ ಗಾರ್ಡನ್ನಿಗೆ ಕರ್ಕೊಂಡು ಹೋಗ್ತಾರ, "ಅಕಿ ಕೆಲಸಾ ನಡದದ, ಗದ್ಲಾ ಬ್ಯಾಡ" ಅಂತ ತಾವ ಹೇಳ್ಕೋತ.

ನಿಮ್ಮನ್ಯಾಗೂ ಮಗಳೋ ಸೊಸಿನೋ ಕಂಪ್ಯೂಟರ್ ಮುಂದ ದುಡೀತಿದ್ರ, ಡಬ್ಬಿ ಗ್ವಾಡಿಯಿಂದ ಒಂದ ಗೇಣು ಈಚೆಗೆ ಸರಸ್ರಿ, ನೆಲಕ್ಕ ಇಡಬ್ಯಾಡ್ರಿ. ಎರಡ ಮೂರ ತಿಂಗಳಿಗೊಮ್ಮೆ ಧೂಳು ತಗೀರಿ. ಯಾರರ "ಹೊಸಾದ್ದ ಬೇಕು" ಅಂದ್ರ, ಮೊದಲ ಡಿಗ್ರಿ ಎಷ್ಟದ, ಫ್ಯಾನ್ ತಿರಗ್ತದೋ ಇಲ್ಲೋ, ಅದನ್ನ ಕೇಳ್ರಿ.